ಮಲಗಿದ್ದೂ ಉಣ್ಣುವ ಯಂತ್ರ

ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಹೋದವರು ನೋಡಿರುತ್ತೀರಿ. ಒಂದು ಡಬ್ಬಿಯಲ್ಲಿ ಮಣ್ಣು, ಅದರಲ್ಲಿ ಚುಚ್ಚಿದ ತೇವಾಂಶದ ಸೆನ್ಸರ್, ಪಕ್ಕದಲ್ಲಿ ಅಂಗೈ ಅಗಲದ ಸರ್ಕ್ಯೂಟ್ ಬೋರ್ಡು. ಮಣ್ಣಿಗೆ ನೀರು ಹಾಕಿದರೆ ತಂತಿಯ ಹಂಗಿಲ್ಲದೆ ಆಚೆ ಮೇಜಿನ ಮೇಲಿರುವ ಮೊಬೈಲಿನಲ್ಲಿ ಅಂಕಿ ಬದಲಾಗುತ್ತದೆ. ತೀರ್ಪುಗಾರರು ತಲೆದೂಗುತ್ತಾರೆ, ತಂದೆ-ತಾಯಿ ಫೋಟೋ ತೆಗೆಯುತ್ತಾರೆ. ಅದೇ ಯಂತ್ರವನ್ನು ಶಿರಹಟ್ಟಿಯ ಮಸಾರಿ ಹೊಲದ ಶೇಂಗಾ ಸಾಲಿನಲ್ಲೋ, ಗದುಗಿನ ಎರೆ ಹೊಲದ ಮೆಣಸಿನಗಿಡದ ಬುಡದಲ್ಲೋ ನೆಟ್ಟು ಬನ್ನಿ. ನಾಲ್ಕೈದು ದಿನಕ್ಕೆ ಅದರ ಉಸಿರು ನಿಂತಿರುತ್ತದೆ. ಪ್ರದರ್ಶನದಲ್ಲಿ ಗೋಡೆಯ ಕರೆಂಟು ಇತ್ತು. ಹೊಲದಲ್ಲಿ ಇರುವುದು ಎರಡು ಸೆಲ್ಲು. ಕಪ್ಪತಗುಡ್ಡದ ಸುತ್ತಮುತ್ತ ಗಾಳಿಯಂತ್ರಗಳು ಎಷ್ಟು ಕರೆಂಟು ಮಾಡಿದರೇನು, ಬುಡದಲ್ಲಿರುವ ಹೊಲದ ಸೆನ್ಸರಿಗೆ ಅದರಲ್ಲಿ ಒಂದು ಹನಿಯೂ ಸಿಗದು.

ದೊಡ್ಡ ವಿಜ್ಞಾನಿಗಳಿಗೂ ಈ ಕಷ್ಟ ತಪ್ಪಿದ್ದಲ್ಲ. 2000ದ ದಶಕದ ನಡುವಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ತಾಂತ್ರಿಕ ಸಂಸ್ಥೆ ಕೂಡಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಯೋಜನೆ ನಡೆಸಿದವು. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ನಿಸ್ತಂತು ಸೆನ್ಸರುಗಳನ್ನು ಹೂಡಿದರು. ಅದೂ ನಮ್ಮ ಸೀಮೆಯ ಹಾಗೆಯೇ ಮಳೆ ನಂಬಿ ಶೇಂಗಾ ಬಿತ್ತುವ ನೆಲ. ಅಲ್ಲಿ ಬಳಕೆಯಾದ ‘ಮೈಕಾ-2’ ಬೋರ್ಡು ಎರಡು ಪೆನ್‌ ಸೆಲ್ಲಿನ ಮೇಲೆ ಓಡುವಂಥದು. ತಯಾರಕರ ಲೆಕ್ಕದಂತೆ ಅದರ ಪ್ರೊಸೆಸರ್ ಎಚ್ಚರವಿದ್ದಾಗ 8 ಮಿಲಿಆಂಪಿಯರ್ ಎಳೆಯುತ್ತದೆ. ಮಲಗಿದಾಗ 15 ಮೈಕ್ರೋಆಂಪಿಯರಿಗಿಂತ ಕಡಿಮೆ. ಮಿಲಿಯ ಸಾವಿರದಲ್ಲೊಂದು ಪಾಲು ಮೈಕ್ರೋ. ಅಂದರೆ ನಿದ್ದೆಗೂ ಎಚ್ಚರಕ್ಕೂ ಐನೂರು ಪಟ್ಟಿಗಿಂತ ಹೆಚ್ಚಿನ ಅಂತರ. ರೇಡಿಯೋ ಮಾತಾಡುವಾಗ ಹೆಚ್ಚೆಂದರೆ 27 ಮಿಲಿ, ಸುಮ್ಮನೆ ಕೇಳಿಸಿಕೊಳ್ಳುವಾಗಲೂ 10 ಮಿಲಿ. ಕಿವಿ ತೆರೆದು ಕೂತಿರುವುದಕ್ಕೂ ಖರ್ಚುಂಟು ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಈಗ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಸೆಲ್ಲನ್ನು ಒಂದು ಹಗೇವು ಎಂದುಕೊಳ್ಳೋಣ. ಅದರಲ್ಲಿ ತುಂಬಿದ ಜೋಳ 2,000 ಮಿಲಿಆಂಪಿಯರ್-ಗಂಟೆ. (ಎರಡು ಸೆಲ್ಲು ಸಾಲಾಗಿ ಜೋಡಿಸಿದರೆ ಇದು 4,000 ಆಗುವುದಿಲ್ಲ, ವೋಲ್ಟೇಜ್ ಮಾತ್ರ ಎರಡರಷ್ಟಾಗಿ 3 ಆಗುತ್ತದೆ.) ನಿಮ್ಮ ಯಂತ್ರ ಎಚ್ಚರವಿದ್ದಾಗ 20 ಮಿಲಿ ತಿನ್ನುತ್ತದೆ ಎನ್ನಿ. ಸದಾ ಎಚ್ಚರವಿದ್ದರೆ 100 ಗಂಟೆಗೆ, ಅಂದರೆ ನಾಲ್ಕು ದಿನ ನಾಲ್ಕು ತಾಸಿಗೆ ಹಗೇವು ಬರಿದು.

ಮಣ್ಣಿನ ತೇವವೇನು ಕ್ಷಣಕ್ಷಣಕ್ಕೆ ಬದಲಾಗುವುದಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎದ್ದು, ಎರಡು ಸೆಕೆಂಡು ಕೆಲಸ ಮಾಡಿ ಮಲಗಿದರೆ ಸಾಕು. ಆಗ ಗಂಟೆಯ 3,600 ಸೆಕೆಂಡಿನಲ್ಲಿ ಎಚ್ಚರ ಬರೀ 8 ಸೆಕೆಂಡು. ಆ ಖರ್ಚನ್ನು ಇಡೀ ಗಂಟೆಗೆ ಹರಡಿದರೆ ಸರಾಸರಿ 44 ಮೈಕ್ರೋ. ಉಳಿದ 3,592 ಸೆಕೆಂಡು ಯಂತ್ರ ಏನು ಮಾಡುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿದ್ದೆಯಲ್ಲಿ 10 ಮೈಕ್ರೋ ತಿಂದರೆ ಒಟ್ಟು 54. ಸೆಲ್ಲು ನಾಲ್ಕು ವರ್ಷ ದಾಟುವ ಲೆಕ್ಕ. ಅದೇ ಬೋರ್ಡಿನ ಮೇಲೆ 1 ಮಿಲಿ ಎಳೆಯುವ ಒಂದು ಕೆಂಪು ದೀಪ ಸದಾ ಉರಿಯುತ್ತಿದ್ದರೆ? ಸುಮಾರು 80 ದಿನ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರಲ್ಲ, ಇದು ಮಲಗಿ ಉಣ್ಣುವ ಆಸಾಮಿ!

ಈ 80 ದಿನವನ್ನು ಹೊಲದ ಲೆಕ್ಕದಲ್ಲಿ ನೋಡಿ. ಶೇಂಗಾ ಹೆಚ್ಚುಕಡಿಮೆ ನಾಲ್ಕು ತಿಂಗಳ ಬೆಳೆ. ಜೂನ್ ಕೊನೆಗೆ ಬಿತ್ತುವಾಗ ನೆಟ್ಟ ಸೆನ್ಸರ್ ಸೆಪ್ಟೆಂಬರ್ ನಡುವಿಗೆ ಸಾಯುತ್ತದೆ. ಕಾಯಿ ತುಂಬುವ ಹೊತ್ತು, ಮಳೆ ಕೈಕೊಟ್ಟರೆ ಬಾವಿಯ ಇದ್ದಷ್ಟು ನೀರನ್ನು ಇಂದೇ ಬಿಡಬೇಕೋ ನಾಲ್ಕು ದಿನ ತಡೆಯಬೇಕೋ ಎಂದು ರೈತ ಕೇಳುವ ಹೊತ್ತು ಅದು. ಮೂರು ತಿಂಗಳು ಕೂಡಿಟ್ಟ ಅಂಕಿಗಳಿಗಿಂತ ಆ ವಾರದ ಒಂದು ಅಂಕಿಗೆ ಬೆಲೆ ಹೆಚ್ಚು.

ಹಾಗಾದರೆ ನಿದ್ದೆಯಲ್ಲಿ ತಿನ್ನುವವರು ಯಾರು? ಚಿಪ್ ಅಲ್ಲವೇ ಅಲ್ಲ. ಆರ್ಡುಯಿನೋ ಬೋರ್ಡಿನ ಚಿಪ್‌ ಆಗಲಿ, ಈಗ ಎಲ್ಲರ ಕೈಯಲ್ಲಿರುವ ಇಎಸ್‌ಪಿ-32 ಆಗಲಿ ಗಾಢನಿದ್ದೆಯಲ್ಲಿ ಕೆಲವೇ ಮೈಕ್ರೋಗೆ ಇಳಿಯಬಲ್ಲದು. ಸುತ್ತಲಿನ ಬಳಗವೇ ತಿನ್ನುವುದು: ಕರೆಂಟು ಬಂದಿದೆ ಎಂದು ತೋರಿಸುವ ದೀಪ, ಯುಎಸ್‌ಬಿ ಚಿಪ್, ವೋಲ್ಟೇಜ್ ರೆಗ್ಯುಲೇಟರ್. ಆದ್ದರಿಂದ ಪ್ರದರ್ಶನಕ್ಕೆ ತಂದ ಬೋರ್ಡನ್ನೇ ಹೊಲಕ್ಕೆ ಒಯ್ಯಬೇಡಿ. ಎರಡು ಸೆಲ್ಲಿನಿಂದ ನೇರವಾಗಿ ಓಡುವ ಸಣ್ಣ ಬೋರ್ಡು ಆರಿಸಿ, ಅದರ ದೀಪವನ್ನು ಕಾವುಕಡ್ಡಿಯಿಂದ ಕಿತ್ತುಬಿಡಿ. (ಚಿಕ್ಕ ಮಕ್ಕಳಾದರೆ ದೊಡ್ಡವರು ಪಕ್ಕದಲ್ಲಿರಲಿ.) ಯಾವುದಕ್ಕೂ ಜೋಡಿಸದ ಪಿನ್ನುಗಳನ್ನು ಅನಾಥವಾಗಿ ಬಿಡಬಾರದು, 0 ಮತ್ತು 1ರ ನಡುವೆ ತೂಗಾಡುತ್ತ ಅವೂ ಕರೆಂಟು ಕುಡಿಯುತ್ತವೆ.

ಸೆಲ್ಲಿನಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಲು ಎರಡು ರೆಸಿಸ್ಟರ್ ಹಾಕುತ್ತೀರಲ್ಲ, ತಮಾಷೆಯೆಂದರೆ ಅವೇ ಸೆಲ್ಲನ್ನು ಖಾಲಿ ಮಾಡುತ್ತವೆ. ತಲಾ 10 ಸಾವಿರ ಓಮಿನವಾದರೆ 3 ವೋಲ್ಟಿನಲ್ಲಿ ಹಗಲೂ ರಾತ್ರಿ 150 ಮೈಕ್ರೋ ಹರಿಯುತ್ತದೆ. ನಾಲ್ಕು ವರ್ಷದ ಲೆಕ್ಕ ಹದಿಮೂರು ತಿಂಗಳಿಗೆ ಬಂತು! 10 ಲಕ್ಷ ಓಮಿನವು ಹಾಕಿದರೆ ಒಂದೂವರೆ ಮೈಕ್ರೋ ಸಾಕು. ಮಣ್ಣಿನ ಸೆನ್ಸರಿಗೂ ನೇರವಾಗಿ ಸೆಲ್ಲಿನ ತಂತಿ ಕೊಡಬೇಡಿ. ಓದುವಾಗ ಮಾತ್ರ ಚಿಪ್ಪಿನ ಪಿನ್ನಿನಿಂದ ಕೊಟ್ಟು ಮತ್ತೆ ನಿಲ್ಲಿಸಿ. ಕಡ್ಡಿಗಳ ಅಗ್ಗದ ಸೆನ್ಸರಾದರೆ ಇನ್ನೊಂದು ಲಾಭವಿದೆ: ಒದ್ದೆ ಮಣ್ಣಿನಲ್ಲಿ ಸದಾ ಕರೆಂಟು ಹರಿದರೆ ಲೋಹ ಸವೆದುಹೋಗುತ್ತದೆ, ಅದು ತಪ್ಪುತ್ತದೆ.

ಇಷ್ಟು ಮಾಡಿ ಅಳೆಯದೆ ಬಿಟ್ಟರೆ ಪ್ರಯೋಜನವಿಲ್ಲ. ಪಾಲಕರು ತಿಂಗಳುತಿಂಗಳು ಸೆಲ್ಲು ಕೊಡಿಸುವುದಕ್ಕಿಂತ ಒಂದು ಸಾಧಾರಣ ಮಲ್ಟಿಮೀಟರ್ ಕೊಡಿಸುವುದು ಮೇಲು. ಮೀಟರನ್ನು ಸೆಲ್ಲಿನಿಂದ ಬರುವ ತಂತಿಯನ್ನು ಕತ್ತರಿಸಿ ನಡುವೆ ಸೇರಿಸಬೇಕು. ಸೆಲ್ಲಿನ ಎರಡು ತುದಿಗೆ ಹಿಡಿದರೆ ಮೀಟರಿನ ಫ್ಯೂಸು ಹೋದೀತು. ಇಲ್ಲಿ ಒಂದು ತೊಡಕು. ಮೈಕ್ರೋ ಅಳತೆಗೆ ಇಟ್ಟಾಗ ಮೀಟರಿನೊಳಗಿನ ತಡೆ ಹೆಚ್ಚು. ಯಂತ್ರ ಎದ್ದು 20 ಮಿಲಿ ಎಳೆಯಲು ಹೋದರೆ ವೋಲ್ಟೇಜ್ ಕುಸಿದು ಅದು ಏಳುವುದೇ ಇಲ್ಲ. ಅದಕ್ಕೆ ಮೀಟರಿನ ಎರಡೂ ಕಡ್ಡಿಗಳ ನಡುವೆ ಒಂದು ತುಂಡು ತಂತಿ ಕಟ್ಟಿ ಯಂತ್ರ ಶುರು ಮಾಡಿ. ಮಲಗಿದ ಮೇಲೆ ತಂತಿ ಬಿಚ್ಚಿ ಓದಿಕೊಳ್ಳಿ, ಏಳುವ ಮೊದಲು ಮತ್ತೆ ಕಟ್ಟಿ.

ಅಂಕಿ 10-20 ಮೈಕ್ರೋ ತೋರಿಸಿದರೆ ಯಂತ್ರವನ್ನು ಲಕ್ಷ್ಮೇಶ್ವರದ ಹೊಲಕ್ಕಾದರೂ ಒಯ್ಯಿರಿ. ಆದರೂ ನಾಲ್ಕು ವರ್ಷ ಎಂದು ರೈತರಿಗೆ ಮಾತು ಕೊಡಬೇಡಿ. ನಮ್ಮ ಬೇಸಿಗೆಯ ಬಿಸಿಗೆ ಸೆಲ್ಲು ತಾನಾಗಿಯೇ ಸೊರಗುತ್ತದೆ, ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಸೇರಿ ಕರೆಂಟು ಸೋರುತ್ತದೆ. ಮುಂಗಾರಿಗೊಮ್ಮೆ, ಬಿತ್ತನೆಯ ಮೊದಲು, ಹೊಸ ಸೆಲ್ಲು ಹಾಕಿ.