ಹೋರಿಗಿರುವ ತಾಲೀಮು ಹುಡುಗನಿಗೂ ಬೇಕು

ದೀಪಾವಳಿ ಬಂದಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಕೊಬ್ಬರಿ ಹೋರಿಯ ಸಂಭ್ರಮ ಆರಂಭವಾಗುತ್ತದೆ. ಅಖಾಡಕ್ಕೆ ಬಿಡುವ ಹೋರಿಯನ್ನು ರೈತರು ತಿಂಗಳುಗಳ ಮೊದಲೇ ಅಣಿಗೊಳಿಸುತ್ತಾರೆ. ಹುರುಳಿ, ಹತ್ತಿಕಾಳು, ಹಿಂಡಿ ತಿನ್ನಿಸುತ್ತಾರೆ, ಕೆರೆಯಲ್ಲಿ ಈಜಿಸುತ್ತಾರೆ, ನಡೆಸಿ, ಓಡಿಸಿ ಮೈ ಹದಗೊಳಿಸುತ್ತಾರೆ. ಆದರೆ ಅದರ ಕೊರಳಿನ ಕೊಬ್ಬರಿಗೆ ಕೈಹಾಕುವ ತರುಣರಲ್ಲಿ ಬಹುಪಾಲು ಜನರಿಗೆ ಯಾವ ತಾಲೀಮೂ ಇರುವುದಿಲ್ಲ. ಗಂಟೆಗಟ್ಟಲೆ ಅಂಚಿನಲ್ಲಿ ನಿಂತು, ಹೋರಿ ಬಂದ ಕ್ಷಣದಲ್ಲಿ ಒಮ್ಮೆಲೇ ಚಿಮ್ಮುತ್ತಾರೆ. ತಣ್ಣಗಿದ್ದ ಸ್ನಾಯು ಆ ಒಂದೇ ಕ್ಷಣದಲ್ಲಿ ಪೂರ್ಣಶಕ್ತಿಯಿಂದ ಹಿಗ್ಗಬೇಕು, ಕುಗ್ಗಬೇಕು. ತೊಡೆಯ ಹಿಂಭಾಗ, ತೊಡೆಸಂದು, ಮೀನಖಂಡ, ಭುಜ ಇವು ಆಗ ಪೆಟ್ಟು ತಿನ್ನುವ ಸ್ಥಾನಗಳು. ಹೋರಿಯ ತಿವಿತದಿಂದ ಯಾವ ವ್ಯಾಯಾಮವೂ ಕಾಯದು. ಆದರೆ ಹೋರಿ ಮುಟ್ಟದೆಯೇ ಆಗುವ ಗಾಯಗಳಲ್ಲಿ ಹಲವನ್ನು ತಡೆಯಬಹುದೆಂಬುದು ನಮ್ಮ ಅಭಿಪ್ರಾಯ.

ಶಾಲೆಯ ಮೈದಾನಗಳಲ್ಲಿ ಕೊರತೆ ಬೇರೊಂದು ಬಗೆಯದು. ಕಬಡ್ಡಿ, ಖೋ ಖೋ ಪಂದ್ಯಕ್ಕೆ ಮುನ್ನ ಮಕ್ಕಳನ್ನು ಸಾಲಾಗಿ ಕೂರಿಸಿ, ಕಾಲು ಚಾಚಿಸಿ, ಹೆಬ್ಬೆರಳನ್ನು ಬಹಳ ಹೊತ್ತು ಹಿಡಿದಿರುವಂತೆ ಹೇಳುವುದುಂಟು. ಬೆರಳು ಮುಟ್ಟದವನ ಬೆನ್ನನ್ನು ಮತ್ತೊಬ್ಬನು ಒತ್ತುತ್ತಾನೆ. ಉದ್ದೇಶವೇನೋ ಒಳ್ಳೆಯದೇ; ಹೊತ್ತು ಸರಿಯಲ್ಲ.

ಮೈಯ ನಮ್ಯತೆಯನ್ನು ಬೆಳೆಸುವ ಅಭ್ಯಾಸಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಮೊದಲನೆಯದು ಸ್ಥಿರ ಕ್ರಮ. ಸ್ನಾಯುವನ್ನು ಮೆಲ್ಲನೆ ಚಾಚಿ ಹಾಗೆಯೇ ಹಿಡಿದಿರುವುದು. ನಮ್ಮ ಯೋಗಾಸನಗಳಲ್ಲಿ ಅನೇಕವು ಈ ಬಗೆಯವು. ಎರಡನೆಯದು ಚಲನ ಕ್ರಮ. ಕಾಲು ಬೀಸುವುದು, ಮಂಡಿಯೆತ್ತಿ ನಡೆಯುವುದು, ತೋಳು ತಿರುಗಿಸುವುದು ಮುಂತಾಗಿ ಚಲನೆಯಲ್ಲಿಯೇ ಕೀಲುಗಳನ್ನು ಬಿಡಿಸುವುದು. ಮೂರನೆಯದು ಜಗ್ಗುವ ಕ್ರಮ. ಕುಲುಕಿ ಕುಲುಕಿ ಬಲವಂತವಾಗಿ ಬಾಗುವುದು. ಅಭ್ಯಾಸವಿಲ್ಲದವರಿಗೆ ಇದು ಹಾನಿಕರ. ನಾಲ್ಕನೆಯದು ಬಿಗಿದು ಬಿಡುವ ಕ್ರಮ; ಚಾಚಿದ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿಹಿಡಿದು, ಸಡಿಲಿಸಿ, ಮತ್ತೆ ತುಸು ಮುಂದಕ್ಕೆ ಚಾಚುವುದು. ಇದು ಬಲ್ಲ ತರಬೇತುದಾರರ ಎದುರಿನಲ್ಲಿಯೇ ನಡೆಯಬೇಕು.

ಒಂದೊಂದು ಸ್ನಾಯುವನ್ನು ನಿಮಿಷಕ್ಕೂ ಮಿಕ್ಕಿ ಚಾಚಿ ಹಿಡಿದು ಕೂಡಲೇ ಓಟಕ್ಕೋ ನೆಗೆತಕ್ಕೋ ಇಳಿದರೆ, ಅದರ ಚಿಮ್ಮುವ ಶಕ್ತಿ ಕೆಲಹೊತ್ತು ತುಸು ಕುಂದುವುದೆಂದು ಇಂದಿನ ಕ್ರೀಡಾವೈದ್ಯ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಆಟಕ್ಕೆ ಮುನ್ನ ಚಲನ ಕ್ರಮ, ಆಟದ ನಂತರ ಅಥವಾ ಪ್ರತ್ಯೇಕ ವೇಳೆಯಲ್ಲಿ ಸ್ಥಿರ ಕ್ರಮ ಎಂಬ ವಿಂಗಡಣೆ ಯುಕ್ತವಾದುದು.

ಇದು ನಮ್ಮ ನಾಡಿಗೆ ಹೊಸತೂ ಅಲ್ಲ. ಗರಡಿಮನೆಯ ದಂಡ, ಬೈಠಕ್ ಚಲನೆಯ ವ್ಯಾಯಾಮಗಳೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಮಲ್ಲರ ಸಾಧನೆಯನ್ನು ಹೇಳುವಾಗ ಭಾರ ಎತ್ತುವುದು, ನಡಿಗೆ, ನೀರಿನ ವ್ಯಾಯಾಮ, ಕಂಬದ ಸಾಧನೆ ಎಲ್ಲವನ್ನೂ ಸೇರಿಸಿದೆ. ಬಲವನ್ನು ಬಿಟ್ಟು ಬರಿಯ ಬಾಗುವಿಕೆಯನ್ನು ಅದು ಹೇಳಿಲ್ಲ. ಕೀಲು ಸಡಿಲವಾಗಿದ್ದು ಅದನ್ನು ಹಿಡಿದಿಡುವ ಸ್ನಾಯುವಿಗೆ ಬಲವಿಲ್ಲದಿದ್ದರೆ ಅದೂ ಅಪಾಯವೇ.

ಆಟಕ್ಕೆ ತಕ್ಕಂತೆ ಅಗತ್ಯವೂ ಬೇರೆ. ಖೋ ಖೋ ಆಟದಲ್ಲಿ ಚೌಕದೊಳಗೆ ಕುಕ್ಕುರುಗಾಲಲ್ಲಿ ಕುಳಿತವನು ‘ಖೋ’ ಎನ್ನುತ್ತಲೇ ಎದ್ದು ಓಡಬೇಕು. ಅವನಿಗೆ ಕಣಕಾಲು, ಸೊಂಟ ಬಿಚ್ಚಿರಬೇಕು. ಕಬಡ್ಡಿಯಲ್ಲಿ ಕಾಲು ಚಾಚಿ ಎದುರಾಳಿಯನ್ನು ಮುಟ್ಟುವವನಿಗೆ ತೊಡೆಯ ಹಿಂಭಾಗವೂ ತೊಡೆಸಂದೂ ಮುಖ್ಯ. ಕುಸ್ತಿಯವನಿಗೆ ಕುತ್ತಿಗೆ, ಭುಜ, ಬೆನ್ನು. ಎಲ್ಲರಿಗೂ ಒಂದೇ ಪಾಠ ಒಪ್ಪದು.

ಎಷ್ಟು ಮಾಡಬೇಕೆಂಬುದಕ್ಕೆ ಆಯುರ್ವೇದವು ಅರ್ಧಶಕ್ತಿಯ ಮಿತಿಯನ್ನು ವಿಧಿಸಿದೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗುವುದು ಅದರ ಗುರುತು. ಆಟಕ್ಕೆ ಮುಂಚಿನ ಸಿದ್ಧತೆಯಲ್ಲಿ ಆ ಮಿತಿಯವರೆಗೂ ಹೋಗಬೇಕಿಲ್ಲ. ಹಣೆಯಲ್ಲಿ ಬೆವರು ಮೂಡಿದರೆ ಸಾಕು, ಮೈ ಬಿಸಿಯಾಯಿತೆಂದು ತಿಳಿಯಬಹುದು. ಅದಕ್ಕೆ ಹತ್ತು ನಿಮಿಷದ ಮೆಲ್ಲೋಟ ಮತ್ತು ಚಲನ ಕ್ರಮ ಸಾಕಾಗುತ್ತದೆ. ಸ್ಥಿರ ಕ್ರಮವನ್ನು ವಾರಕ್ಕೆ ಎರಡು ಮೂರು ದಿನವಾದರೂ ಮಾಡಬೇಕು. ಪ್ರತಿ ಭಂಗಿಯಲ್ಲಿ 10ರಿಂದ 30 ಸೆಕೆಂಡು, ಎರಡು ಮೂರು ಬಾರಿ. ಸೆಳೆತ ತಿಳಿಯಬೇಕು, ನೋವು ಆಗಬಾರದು. ಆಟದ ನಂತರ ಮೈಯನ್ನು ಹಿತವಾಗಿ ಒತ್ತಿಸಿಕೊಳ್ಳುವುದೂ, ಬಿಡುವಿನ ದಿನದ ಎಳ್ಳೆಣ್ಣೆಯ ಅಭ್ಯಂಗವೂ ಉತ್ತಮ. ಆದರೆ ಹೊಸದಾಗಿ ಉಳುಕಿದ, ಊದಿದ ಜಾಗವನ್ನು ಮೊದಲ ಎರಡು ದಿನ ತಿಕ್ಕುವುದಾಗಲಿ ಎಳೆಯುವುದಾಗಲಿ ಸಲ್ಲದು. ‘ಟಪ್’ ಎಂಬ ಸಪ್ಪಳವಾಗಿ ಕಾಲೂರಲಾಗದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಹೋರಿ ಹಬ್ಬದ ಸಂಘಟಕರು ಅಖಾಡಕ್ಕಿಳಿಯುವ ತರುಣರಿಗೆ ಹತ್ತು ನಿಮಿಷದ ಸಿದ್ಧತೆಯನ್ನು ಕಡ್ಡಾಯ ಮಾಡಲಿ. ದೈಹಿಕ ಶಿಕ್ಷಣ ಶಿಕ್ಷಕರು ಬೆನ್ನೊತ್ತಿಸುವ ರೂಢಿಯನ್ನು ಕೈಬಿಡಲಿ. ಬಡ ರೈತನ ಮನೆಯ ಹುಡುಗನೊಬ್ಬನ ತೊಡೆಯ ಸ್ನಾಯು ಹರಿದರೆ ಅವನು ಕಳೆದುಕೊಳ್ಳುವುದು ಒಂದು ಪಂದ್ಯವನ್ನಷ್ಟೇ ಅಲ್ಲ. ಹಲವು ವಾರಗಳ ದುಡಿಮೆಯನ್ನು, ಕೆಲವೊಮ್ಮೆ ಕ್ರೀಡೆಯಿಂದ ದೊರೆಯಬಹುದಾಗಿದ್ದ ಓದಿನ ಅವಕಾಶವನ್ನು. ಖರ್ಚಿಲ್ಲದ ಹತ್ತು ನಿಮಿಷಗಳು ಇದನ್ನು ಉಳಿಸಬಲ್ಲವಾದರೆ ಅವನ್ನು ಕೊಡಲು ಹಿಂಜರಿಯಬಾರದು.