ತಟ್ಟೆಯ ಕರಕರ, ಕಂಠದ ಹೊಳಪು

ಅಮೃತಾಪುರದ ಮಿತ್ರರೊಬ್ಬರ ಮನೆಯಲ್ಲಿ ಮಲ್ಲಿಕಾರ್ಜುನ ಮನಸೂರರ 1930ರ ದಶಕದ ಗಾಯನವನ್ನು ಎರಡು ಬಗೆಯಲ್ಲಿ ಕೇಳಿದೆನು: ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಯಲ್ಲಿ ಒಮ್ಮೆ, ಅದರ ಮರುಮುದ್ರಣದಲ್ಲಿ ಇನ್ನೊಮ್ಮೆ. ಮೊದಲನೆಯದರಲ್ಲಿ ಮುಳ್ಳಿನ ಕರಕರ ಬೇಕಾದಷ್ಟು. ಆದರೂ ತಾನಗಳು ಹರಿತ, ಕಂಠ ಎದುರಿಗೇ ಇದ್ದಂತೆ. ಎರಡನೆಯದು ನಿರ್ಮಲ, ಕಂಠ ಮಾತ್ರ ಕಂಬಳಿ ಹೊದ್ದಂತೆ. ಕರಕರವೂ ದನಿಯ ಹೊಳಪೂ ಉಚ್ಚ ಕಂಪನಗಳಲ್ಲಿಯೇ ನೆಲೆಸಿವೆ. ಒಂದನ್ನು ಸೋಸಿದರೆ ಇನ್ನೊಂದೂ ಸೋರುತ್ತದೆ. ಊರಿನ ಅಮೃತೇಶ್ವರ ಗುಡಿ 1196ರದು. ಅದರ ರಾಮಾಯಣ ಶಿಲ್ಪಗಳನ್ನು ನುಣುಪಾಗಲೆಂದು ಉಜ್ಜಿದರೆ ಉಳಿಯುವುದೇನು?

ಮರುಮುದ್ರಣ ಬೇಡವೆನ್ನಲಾರೆ, ಸವೆಯುವ ತಟ್ಟೆಗೆ ಅದೇ ಆಸರೆ. ಆದರೆ ಅದು ಬಂದಿತೆಂದು ಮಿತ್ರರು ತಟ್ಟೆಯನ್ನು ಗುಜರಿಗೆ ಹಾಕಲಿದ್ದರು. ನಾನು ತಡೆದೆನು. ನಾಳೆ ಇನ್ನೂ ಚೆನ್ನಾಗಿ ಸೋಸಬಲ್ಲವರು ಬಂದಾರು. ಅವರು ಕೇಳುವುದು ಆ ತಟ್ಟೆಯನ್ನೇ.