ಕುಡಿದವನ ಕೈಗೆ ಕೀ ಕೊಡಬೇಡಿ, ಕೊಂದವನ ಪರ ರಾಜಿಗೆ ಹೋಗಬೇಡಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಬಂಧುಗಳೇ,

ಪೇಟೆ ದಾಟಿದರೆ ನಮ್ಮ ರಸ್ತೆಗಳಲ್ಲಿ ನಡೆಯುವವರಿಗೆ ಜಾಗವಿಲ್ಲ. ಮಾಣಿಯಿಂದ ಕಬಕ, ಪುತ್ತೂರು, ಕುಂಬ್ರ, ಜಾಲ್ಸೂರು, ಸುಳ್ಯ ಹಾದು ಸಂಪಾಜೆ ಘಾಟಿ ಹತ್ತುವ ಮೈಸೂರು ಹೆದ್ದಾರಿ ಇರಲಿ, ಉಪ್ಪಿನಂಗಡಿಯಿಂದ ಕಡಬಕ್ಕಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ ಇರಲಿ, ಡಾಮರಿನ ಅಂಚಿನಲ್ಲಿ ಒಂದಿಷ್ಟು ಮಣ್ಣು, ಅದರಾಚೆ ಚರಂಡಿ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಟವರು, ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಹೋಗುವ ಹೆಂಗಸರು, ಶಾಲೆಯ ಬಸ್ಸಿಗೆ ನಿಂತ ಮಕ್ಕಳು, ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು, ಎಲ್ಲರೂ ಆ ಮಣ್ಣಿನ ಮೇಲೆಯೇ ನಡೆಯಬೇಕು. ಕುಡಿದವನ ಗಾಡಿ ಎರಡಡಿ ಎಡಕ್ಕೆ ಸರಿದರೆ ಸಾಯುವುದು ಇವರೇ. ತಲೆಗೆ ಪೆಟ್ಟಾದರೆ ಮಂಗಳೂರಿಗೇ ಒಯ್ಯಿರಿ ಎನ್ನುತ್ತಾರೆ. ಪುತ್ತೂರಿನಿಂದಲೇ ಸುಮಾರು 50 ಕಿ.ಮೀ. ದಾರಿ. ಸಂಪಾಜೆ, ಗುತ್ತಿಗಾರು ಕಡೆಯವರಿಗೆ ಅದು ಎಷ್ಟು ದೂರವೆಂದು ಬೇರೆ ಹೇಳಬೇಕಾಗಿಲ್ಲ.

ಸತ್ತ ಮೇಲೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಬೊಜ್ಜ ಮುಗಿಯುವ ಮೊದಲೇ ನಾಲ್ಕು ಜನ ಸತ್ತವನ ಮನೆಯ ಜಗಲಿಗೆ ಬರುತ್ತಾರೆ. “ಅವನೇನು ಬೇಕೆಂದು ಮಾಡಿದ್ದಲ್ಲ, ಅವನಿಗೂ ಸಣ್ಣ ಮಕ್ಕಳಿದ್ದಾರೆ, ಹೋದವರು ತಿರುಗಿ ಬರುತ್ತಾರಾ? ಕೇಸು ಎಳೆಯುವುದು ಬೇಡ, ಏನಾದರೂ ಕೊಡಿಸುವ” ಎನ್ನುತ್ತಾರೆ. ಅತ್ತು ಬಸವಳಿದ ಮನೆಯವರು ತಲೆ ಅಲ್ಲಾಡಿಸುತ್ತಾರೆ. ಮುಂದೆ ನೋಡಿದವರು ಕೋರ್ಟಿನಲ್ಲಿ “ನಾನು ನೋಡಿಲ್ಲ” ಎನ್ನುತ್ತಾರೆ, ಕೇಸು ಬಿದ್ದುಹೋಗುತ್ತದೆ. ಕೊಂದವನು ಅದೇ ಗಾಡಿಯಲ್ಲಿ ಅದೇ ರಸ್ತೆಯಲ್ಲಿ ಓಡಾಡುತ್ತಾನೆ. ಇದನ್ನು ನಾವು ಊರಿನ ಒಗ್ಗಟ್ಟು ಅಂದುಕೊಂಡಿದ್ದೇವೆ. ಸತ್ತವನ ಮಕ್ಕಳೂ ಇದೇ ಊರಿನವರಲ್ಲವೇ?

ಕಾನೂನು ಏನು ಹೇಳುತ್ತದೆ, ತಿಳಿದಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ತಂದವನಿಗೆ 5 ವರ್ಷದವರೆಗೆ ಜೈಲು ಆಗಬಹುದು. ಹಳೆಯ ಐಪಿಸಿಯ 304ಎ ಕಲಮಿನಲ್ಲಿ ಇದು ಬರೀ 2 ವರ್ಷ ಇತ್ತು. ಆದರೆ 106(1) ಜಾಮೀನು ಸಿಗುವ ಕಲಮು. 105ನೇ ಕಲಮು ಹಾಗಲ್ಲ. ಅದು ಕೊಲೆಯಲ್ಲದ ನರಹತ್ಯೆ. ಸಾವು ಆಗಬಹುದೆಂದು ತಿಳಿದೂ ಆ ಕೆಲಸ ಮಾಡಿದವನಿಗೆ 10 ವರ್ಷದವರೆಗೆ ಶಿಕ್ಷೆ, ವಿಚಾರಣೆ ಸೆಷನ್ಸ್ ನ್ಯಾಯಾಲಯದಲ್ಲಿ. ಕುಡಿದಿದ್ದ ಎಂದ ಮಾತ್ರಕ್ಕೆ 105 ತಾನಾಗಿ ಬರುವುದಿಲ್ಲ. ಎಷ್ಟು ಕುಡಿದಿದ್ದ, ಎಷ್ಟು ವೇಗದಲ್ಲಿದ್ದ, ಬೇಡವೆಂದು ಯಾರಾದರೂ ತಡೆದಿದ್ದರೇ ಎಂಬುದೆಲ್ಲ ದಾಖಲೆಗೆ ಬರಬೇಕು.

ಬಂದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಯ ಒಂದು ಪ್ರಕರಣ ಸಾಕು. 2006ರ ನವೆಂಬರ್ 12ರ ಬೆಳಗಿನ ಜಾವ ಕಾರ್ಟರ್ ರೋಡಿನಲ್ಲಿ ಅಲಿಸ್ಟರ್ ಪೆರೇರಾ ಎಂಬಾತನ ಕಾರು ರಸ್ತೆ ಬದಿ ಮಲಗಿದ್ದ ಕೂಲಿಯವರ ಮೇಲೆ ಹರಿಯಿತು. 7 ಜನ ಸತ್ತರು, 8 ಜನರಿಗೆ ಗಾಯವಾಯಿತು. ಅವನ ರಕ್ತದಲ್ಲಿ ಮದ್ಯ ಇದ್ದದ್ದು ಪರೀಕ್ಷೆಯಲ್ಲಿ ಸಿಕ್ಕಿತು. ಕೆಳ ನ್ಯಾಯಾಲಯ ನಿರ್ಲಕ್ಷ್ಯದ ಕಲಮು ಹಿಡಿದು 6 ತಿಂಗಳ ಶಿಕ್ಷೆ ಕೊಟ್ಟಿತು. ಬಾಂಬೆ ಹೈಕೋರ್ಟ್ ಅದು ನರಹತ್ಯೆ ಎಂದು 3 ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. 7 ಜೀವಕ್ಕೆ 3 ವರ್ಷ ಏನೂ ಅಲ್ಲ. ಆದರೂ ಗೊತ್ತಿದ್ದೂ ಕುಡಿದು ಓಡಿಸಿದವನ ಮೇಲೆ ನರಹತ್ಯೆಯ ಕೇಸು ನಿಲ್ಲುತ್ತದೆ ಎಂಬುದು ಅಲ್ಲಿ ಖಚಿತವಾಯಿತು. ನಮ್ಮ ಠಾಣೆಗಳಲ್ಲಿ ಕೇಸು ಬರೆಯುವಾಗ ಈ ತೀರ್ಪು ನೆನಪಿರಲಿ ಎಂದು ಕೇಳುವ ಹಕ್ಕು ನಮಗೆ ಉಂಟು.

ಎಲ್ಲ ನಿಂತಿರುವುದು ರಕ್ತ ಪರೀಕ್ಷೆಯ ಮೇಲೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯ ಇದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಅಪರಾಧ. ಈ ಕಲಮಿನಲ್ಲಿ ಹಿಡಿದವನನ್ನು 2 ಗಂಟೆಯ ಒಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಗಂಟೆ ಕಳೆದ ಹಾಗೆ ರಕ್ತದಲ್ಲಿ ಮದ್ಯ ಇಳಿಯುತ್ತದೆ. ಓಡಿಹೋಗಿ ರಾತ್ರಿ ಕಳೆದು, ಬೆಳಿಗ್ಗೆ ಮಿಂದು ಬಿಳಿ ಅಂಗಿ ಹಾಕಿ ವಕೀಲರ ಜೊತೆ ಠಾಣೆಗೆ ಬಂದವನಲ್ಲಿ ಏನು ಸಿಕ್ಕೀತು? ಇನ್ನೊಂದು ಉಪಾಯವೂ ಉಂಟು: ಓಡಿಸಿದವನು ಇಳಿದು ಹೋಗುವುದು, ಕುಡಿಯದ ಮತ್ತೊಬ್ಬ “ಸ್ಟೇರಿಂಗಿನಲ್ಲಿ ಇದ್ದದ್ದು ನಾನು” ಎನ್ನುವುದು.

ಪುಣೆಯಲ್ಲಿ 2024ರ ಮೇ 19ರಂದು ನಡೆದದ್ದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. 17 ವರ್ಷದ ಹುಡುಗನ ಪೋರ್ಶೆ ಕಾರು ಇಬ್ಬರು ಎಂಜಿನಿಯರುಗಳನ್ನು ಕೊಂದಿತು. ಬಾಲನ್ಯಾಯ ಮಂಡಳಿ ಮೊದಲು 300 ಪದಗಳ ಪ್ರಬಂಧ ಬರೆ ಎಂದು ಹೇಳಿ ಜಾಮೀನು ಕೊಟ್ಟಿತು. ಆಮೇಲೆ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರಕಾರಿ ಆಸ್ಪತ್ರೆಯ ಇಬ್ಬರು ವೈದ್ಯರು ಬಂಧನಕ್ಕೊಳಗಾದರು. ಜನ ಬೀದಿಗೆ ಬಾರದಿದ್ದರೆ ಆ ಪ್ರಬಂಧದಲ್ಲೇ ವಿಷಯ ಮುಗಿಯುತ್ತಿತ್ತೇನೋ.

ಆದುದರಿಂದ ಸ್ಥಳದಲ್ಲಿ ಇರುವವರೇ, ಗಾಯಾಳುಗಳನ್ನು 108ಕ್ಕೆ ಒಪ್ಪಿಸಿ, 112ಕ್ಕೆ ಕರೆ ಮಾಡಿ. ಡ್ರೈವರ್ ಸೀಟಿನಿಂದ ಯಾರು ಇಳಿದರು ಎಂದು ಮೊಬೈಲಿನಲ್ಲಿ ತೆಗೆದಿಡಿ. ಅವನಿಗೆ ಹೊಡೆಯಬೇಡಿ, ಓಡಿಹೋಗಲಿಕ್ಕೂ ಬಿಡಬೇಡಿ. ಸಹಾಯ ಮಾಡಿದವರ ಮೇಲೆ ಕೇಸು ಬರುತ್ತದೆ ಎಂಬ ಹೆದರಿಕೆ ಬಿಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಮು ಅವರಿಗೆ ರಕ್ಷಣೆ ಕೊಟ್ಟಿದೆ.

“ನನ್ನದು ಬರೀ ಬೈಕು, ಬಿದ್ದರೆ ನಾನು ಬೀಳುತ್ತೇನೆ” ಎನ್ನುವ ತಮ್ಮಂದಿರಿಗೆ ಒಂದು ಮಾತು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಆಂಧ್ರದ ಕರ್ನೂಲು ಬಳಿ ಕುಡಿದ ಸವಾರನೊಬ್ಬ ಬೈಕಿನೊಂದಿಗೆ ಬಿದ್ದು ಸತ್ತ. ರಸ್ತೆಯಲ್ಲಿ ಬಿದ್ದಿದ್ದ ಆ ಬೈಕಿನ ಮೇಲೆ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಹರಿದು ಬೆಂಕಿ ಹತ್ತಿತು. 19 ಪ್ರಯಾಣಿಕರು ಒಳಗೇ ಸುಟ್ಟುಹೋದರು.

ಈಗ ಮೆಹಂದಿಯ ವಿಷಯ. ಮದುವೆಯ ಮುನ್ನಾದಿನ ರಾತ್ರಿ ಅಂಗಳದ ಹಿಂದೆ ಏನು ನಡೆಯುತ್ತದೆ ಎಂಬುದು ಗುಟ್ಟಲ್ಲ. ಕುಡಿಸಿದ ಮನೆಯವರು, ಒಟ್ಟಿಗೆ ಕುಡಿದ ಗೆಳೆಯರು, ತೂರಾಡುವವನ ಕೈಗೆ ಕೀ ಇಟ್ಟು “ಮೆಲ್ಲ ಹೋಗು ಆಯ್ತಾ” ಎಂದವರು, ಇವರಿಗೆ ಸಾವಿನಲ್ಲಿ ಪಾಲಿಲ್ಲವೇ? ಕಾನೂನಿನ ಕಣ್ಣಿನಲ್ಲೂ ಉಂಟು. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಓಡಿಸಿದವನಷ್ಟೇ ಶಿಕ್ಷೆ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 188ನೇ ಕಲಮು. ರಾತ್ರಿ ಬಸ್ಸಿಲ್ಲ, ಮತ್ತೆ ಹೇಗೆ ಬರುವುದು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ದಿಬ್ಬಣಕ್ಕೆ ಬಸ್ಸು, ಜೀಪು ಗೊತ್ತು ಮಾಡುವ ಮನೆಯವರು ಹಿಂದಿನ ರಾತ್ರಿಗೂ ಒಂದು ಜೀಪು, ಕುಡಿಯದ ಒಬ್ಬ ಡ್ರೈವರನ್ನು ಗೊತ್ತು ಮಾಡಬಹುದು. ಬಾಡಿಗೆ ರಿಕ್ಷಾ ಕರೆಸಬಹುದು. ಅದೂ ಆಗದಿದ್ದರೆ ಚಾಪೆ ಹಾಸಿ ಅಲ್ಲೇ ಮಲಗಿಸಿ.

ಮದ್ಯದಂಗಡಿ ಹೆದ್ದಾರಿಯಿಂದ ದೂರ ಹೋದೀತೆಂದು ಕಾಯುವುದರಲ್ಲಿ ಅರ್ಥವಿಲ್ಲ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 500 ಮೀಟರ್ ದೂರವಿರಲಿ ಎಂದಿತು, ಮರುವರ್ಷವೇ ಪೇಟೆಗಳಿಗೆ ವಿನಾಯಿತಿ ಸಿಕ್ಕಿತು. ರಸ್ತೆಯಲ್ಲಿ ತಪಾಸಣೆ ಬೇಕು, ರಾತ್ರಿ ಹೊತ್ತು ಬೇಕು, ಜಾತ್ರೆ ಮದುವೆಗಳ ದಿನಗಳಲ್ಲಿ ಬೇಕು. “ಇಂಥಲ್ಲಿ ಚೆಕ್ಕಿಂಗ್ ಉಂಟು, ನೋಡಿ ಬನ್ನಿ” ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕುವವರೇ, ದಯವಿಟ್ಟು ನಿಲ್ಲಿಸಿ. ನೀವು ತಪ್ಪಿಸಿಬಿಟ್ಟ ಗಾಡಿಯ ಮುಂದೆ ನಾಳೆ ನಿಮ್ಮ ತಂಗಿ ನಡೆಯುತ್ತಿರಬಹುದು.

ಮನೆಯವರನ್ನು ಕಳೆದುಕೊಂಡವರಿಗೆ: ರಾಜಿಯಾದರೆ ಮಾತ್ರ ಪರಿಹಾರ ಎಂಬುದು ಸುಳ್ಳು. ಕ್ರಿಮಿನಲ್ ಕೇಸು ಬೇರೆ, ಪರಿಹಾರದ ಅರ್ಜಿ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕಿ. ಚಾಲಕ ಕುಡಿದಿದ್ದ ಎಂದು ಸಾಬೀತಾದರೆ ಹಣ ಬರುವುದಿಲ್ಲ ಎಂದು ಹೆದರಿಸುತ್ತಾರೆ, ಕಿವಿಗೊಡಬೇಡಿ. ಇಂಥ ಪ್ರಕರಣಗಳಲ್ಲಿ ಮೊದಲು ಪರಿಹಾರ ಕೊಟ್ಟು ಆಮೇಲೆ ಗಾಡಿಯ ಮಾಲೀಕನಿಂದ ವಸೂಲು ಮಾಡಿ ಎಂದು ನ್ಯಾಯಾಲಯಗಳು ವಿಮಾ ಕಂಪೆನಿಗೆ ಆದೇಶಿಸಿದ್ದುಂಟು. ಸಾವು ತಂದ ಕೇಸನ್ನು ಜಗಲಿಯಲ್ಲಿ ಕೂತು ಮುಗಿಸುವ ಅಧಿಕಾರ ಕಾನೂನು ಯಾರಿಗೂ ಕೊಟ್ಟಿಲ್ಲ.

ನಿಮ್ಮ ಪಂಚಾಯತಿನ ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಕುಡಿದು ಓಡಿಸಿ ಕೊಂದ ಪ್ರಕರಣಗಳಲ್ಲಿ ತಕ್ಷಣ ರಕ್ತ ಪರೀಕ್ಷೆ ಆಗಬೇಕು, ಪುರಾವೆ ಇದ್ದಲ್ಲಿ 105ನೇ ಕಲಮು ಹಾಕಬೇಕು, ಲೈಸೆನ್ಸ್ ರದ್ದಾಗಬೇಕು, ರಾತ್ರಿ ತಪಾಸಣೆ ನಡೆಯಬೇಕು ಎಂದು ನಿರ್ಣಯ ಮಾಡಿಸಿ, ಪ್ರತಿಯನ್ನು ನಿಮ್ಮ ಠಾಣೆಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಕಳುಹಿಸಿ. ಕಣ್ಣಾರೆ ಕಂಡವರು ಕೋರ್ಟಿಗೆ ಬಂದು ಕಂಡದ್ದನ್ನು ಹೇಳಿ.